ದೀಪದ ಬುಡ

ಫಹಾಹೀಲಿನಲ್ಲಿ ಸಂಜೆ ಎಂಬುದು ಬಹಳ ಚಿಕ್ಕದು.
ಸೂರ್ಯ ಜಾರಿದರೂ ಆಕಾಶ ಆರುವುದಿಲ್ಲ;
ರಿಫೈನರಿಯ ಕೊಳವೆಯ ತುದಿಗೆ
ನಾಲಗೆಯೊಂದು ರಾತ್ರಿಯಿಡೀ ಆಡುತ್ತದೆ,
ನಮ್ಮ ಮೂರನೇ ಮಾಳಿಗೆಯ ಗೋಡೆಗೆ
ಕಿತ್ತಳೆ ಬಳಿದು, ಅಳಿಸಿ, ಮತ್ತೆ ಬಳಿದು.

ಪರದೆ ಎಳೆದು ಕೂರುತ್ತೇನೆ.
ನನ್ನ ಲೋಕದಲ್ಲಿ ಇನ್ನೂ ಒಂದೇ ಕೋಣೆ,
ಒಂದು ಮೇಜು, ಒಂದು ಲಾಟೀನು,
ಹೆಸರಿಡದ ಒಬ್ಬಳು ಹುಡುಗಿ.
ಶತ್ರುಗಳಿಲ್ಲ. ಅಂಕಗಳಿಲ್ಲ. ಗೆಲ್ಲುವುದಕ್ಕೆ ಏನೂ ಇಲ್ಲ.
"ಇದೆಂಥ ಆಟ?" ಎಂದಿದ್ದಳು ಜೆಸಿಂತಾ,
ನೈಟ್ ಡ್ಯೂಟಿಗೆ ಹೊರಡುತ್ತ, ಶೂಸಿನ ದಾರ ಬಿಗಿಯುತ್ತ.
ಬೆಳಕು ಎಲ್ಲೆಲ್ಲಿ ಬೀಳುತ್ತದೆ ಎಂದು ನೋಡುವ ಆಟ, ಎಂದೆ.

ಮೊದಲ ವಾರ ಬೆಳಕಿಗೆ ಬುದ್ಧಿಯೇ ಇರಲಿಲ್ಲ.
ಮೇಜನ್ನು ತೂರಿ ನೆಲಕ್ಕೆ ಬಿತ್ತು,
ಲಾಟೀನಿನ ತಳವನ್ನೂ ತೂರಿ;
ದೀಪದ ಬುಡ ಬೆಳ್ಳಗೆ ಹೊಳೆಯಿತು.
ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತಾರೆ.
ನನ್ನ ಇನ್ನೂರು ಸಾಲಿನೊಳಗೆ ಸುಳ್ಳಾಗಿತ್ತು.

ಕತ್ತಲೆಯನ್ನು ನಾನೇ ಬರೆಯಬೇಕಾಯಿತು:
ದೀಪದ ಜಾಗದಲ್ಲಿ ನಿಂತು ಒಮ್ಮೆ ಕೋಣೆ ನೋಡು,
ಅಲ್ಲಿಂದ ಕಾಣದ್ದನ್ನೆಲ್ಲ ಗುರುತು ಹಾಕಿಕೋ,
ಅದೇ ನೆರಳು.
ನೆರಳೆಂದರೆ ದೀಪಕ್ಕೆ ಕಾಣದ ಜಾಗ.
ಇಷ್ಟು ತಿಳಿಯಲು ನನಗೆ ಮೂವತ್ತೆಂಟು ವರ್ಷ.

ನೆರಳು ಬಂತು. ಬಂದದ್ದೇ ಮೊಡವೆ ಎದ್ದಿತು,
ಹದಿನಾರರ ಗಲ್ಲದ ಹಾಗೆ, ಗೋಡೆ ತುಂಬ ಕಪ್ಪು ಚುಕ್ಕೆ.
ಕೂದಲೆಳೆಯಷ್ಟು ಸರಿಸಿದೆ, ಮೊಡವೆ ಹೋಯಿತು;
ಇನ್ನೊಂದೆಳೆ ಸರಿಸಿದೆ,
ಹುಡುಗಿಯ ಕಾಲು ಬಿಟ್ಟು ನೆರಳು ಬೇರೆಯಾಯಿತು,
ಹೊಸ್ತಿಲಾಚೆ ಬಿಟ್ಟ ಚಪ್ಪಲಿಯ ಹಾಗೆ.
ಎಳೆಗೂ ಎಳೆಗೂ ನಡುವೆ ಎಲ್ಲೋ ಇತ್ತು ನೆಲ.
ಶುಕ್ರವಾರ ಪೂರ್ತಿ ಅದನ್ನೇ ಹುಡುಕಿದೆ,
ಅನ್ನ ತಳ ಹತ್ತಿತು.

ಜೂನಿನಲ್ಲಿ ಧೂಳು.
ಮಧ್ಯಾಹ್ನ ಮೂರಕ್ಕೇ ಬೀದಿದೀಪ ಹತ್ತಿದವು,
ಕಾರಿನ ಬೆಳಕಿಗೆ ಮೈ ಬಂದು ಕೋಲಾಯಿತು.
ಬಕಾಲದ ಕುಂಞಾಲಿ ಶಟರ್ ಅರ್ಧ ಇಳಿಸಿ ಬೈಯುತ್ತಿದ್ದ.
ನಾನು ಮೂಗಿಗೆ ವೇಲ್ ಸುತ್ತಿ ಎಣಿಸುತ್ತ ನಿಂತೆ:
ಎಷ್ಟನೇ ಕಂಬಕ್ಕೆ ಬೆಳಕು ಧೂಳಾಗುತ್ತದೆ?
ಏಳನೆಯದಕ್ಕೆ.
ಮನೆಗೆ ಬಂದು ಏಳು ಎಂದು ಬರೆದೆ.
ಆ ಕೋಣೆಯಲ್ಲಿ ಮೊದಲ ಸಲ ಗಾಳಿ ಇತ್ತು.

ಆದರೆ ಮುಖ. ಮುಖವೊಂದು ಆಗಲೇ ಇಲ್ಲ.
ಹಗಲು ನಾನು ಲ್ಯಾಬಿನಲ್ಲಿ ಹಲ್ಲು ಮಾಡುವವಳು,
ಯಾರ್ಯಾರದೋ ಬಾಯಿಗೆ ಪಿಂಗಾಣಿಯ ಪದರ ಪದರ:
ಒಳಗೆ ಹಳದಿ, ಮೇಲೆ ಹಾಲು, ತುದಿಗೆ ನೀರು.
ಬೆಳಕು ಒಳಹೊಕ್ಕು ತುಸು ಅಲೆದು ಹೊರಬರದಿದ್ದರೆ
ಅದು ಹಲ್ಲಲ್ಲ, ಬಚ್ಚಲಿನ ಟೈಲ್ಸು.
ಇಷ್ಟು ಗೊತ್ತಿದ್ದವಳು
ಹುಡುಗಿಯ ಕೆನ್ನೆಗೆ ಟೈಲ್ಸನ್ನೇ ಹಾಕಿದ್ದೆ.

ಹೇಳಿಕೊಟ್ಟವಳು ಜೆಸಿಂತಾ, ತಿಳಿಯದೆಯೇ,
ಬೆಳಗಿನ ಆರೂವರೆಗೆ, ಚಹಾಕ್ಕೆ ಬಿಸ್ಕತ್ತು ಅದ್ದುತ್ತ:
"ಏಳು ತಿಂಗಳಿಗೇ ಹುಟ್ಟಿದ ಕೂಸು ಮಾರಾಯ್ತಿ,
ನರ ಸಿಗುವುದೇ ಇಲ್ಲ. ಲೈಟ್ ಆರಿಸಿ
ಅಂಗೈ ಅಡಿಗೆ ಸಣ್ಣ ದೀಪ ಹಿಡಿದೆ.
ಇಡೀ ಕೈ ದಾಸವಾಳ.
ನಡುವೆ ಒಂದು ಕಪ್ಪು ಕವಲು.
ಅಲ್ಲಿಗೆ ಸೂಜಿ."
ಬಿಸ್ಕತ್ತು ಲೋಟದೊಳಗೆ ಮುರಿದು ಬಿತ್ತು.
ಮೊಬೈಲಿನ ಟಾರ್ಚಿಗೆ ಬೆರಳು ಮುಚ್ಚಿ ತೋರಿಸಿದಳು.
ಪಕ್ಕದಲ್ಲಿ ನನ್ನದನ್ನೂ ಇಟ್ಟೆ.

ಆ ರಾತ್ರಿ ಬೆಳಕಿಗೆ ಚರ್ಮ ದಾಟಲು ಹೇಳಿದೆ:
ಮೊದಲು ನೀಲಿ ನಿಲ್ಲಲಿ, ಆಮೇಲೆ ಹಸಿರು,
ಕೆಂಪು ಮಾತ್ರ ದೂರ ನಡೆಯಲಿ.
ಹಳೇ ಲ್ಯಾಪ್‌ಟಾಪು ಏದುಸಿರು ಬಿಟ್ಟು
ಸೆಕೆಂಡಿಗೆ ಒಂಬತ್ತು ಚಿತ್ರಕ್ಕೆ ಇಳಿಯಿತು.
ಒಂಬತ್ತು ಸಾಕು.
ತಡೆತಡೆದು ಹುಡುಗಿ ಲಾಟೀನೆತ್ತಿದಳು,
ಕಿವಿಯ ಅಂಚು ಕೆಂಪಾಯಿತು.

ದೀಪದ ಬುಡದಲ್ಲಿ ಹಿಡಿಯಷ್ಟು ಕತ್ತಲೆ.
ಬಾಗಿಲು ಇನ್ನೂ ಬರೆದಿಲ್ಲ.